ನಮ್ಮ ಓಣಿಯ ನಡುಗೆರೆ

ಬಸ್ಸಿನ ಕಿಟಕಿ ಪಕ್ಕ ಕೂತರೆ ನನಗೆ ಲೋಕವೇ ಬೇರೆಯಾಗುತ್ತದೆ. ಬೆಳ್ಳಟ್ಟಿಯ ಶಾಲೆಯಲ್ಲಿ ಪಾಠ ಹೇಳಲು ತೊಡಗಿ ಎಷ್ಟೋ ವರ್ಷವಾಯಿತು. ದಿನಾ ಬೆಟಗೇರಿಯಿಂದ ಗದಗಿನ ನಿಲ್ದಾಣ, ಅಲ್ಲಿಂದ ಶಿರಹಟ್ಟಿ, ಶಿರಹಟ್ಟಿಯಿಂದ ಬೆಳ್ಳಟ್ಟಿ; ಸಂಜೆ ಇದೇ ದಾರಿ ಹಿಂದುಮುಂದಾಗಿ. ಊರು ದಾಟಿ ಎರೆಹೊಲಗಳು ಶುರುವಾದ ಕೂಡಲೇ ನನ್ನ ಕಣ್ಣು ತೆರೆದೇ ಇರುತ್ತವೆ, ಆದರೆ ನೋಡುವುದನ್ನು ಬಿಡುತ್ತವೆ. ದೂರದ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಒಂದೊಂದೇ ರೆಕ್ಕೆಯನ್ನು ಎತ್ತಿ ಇಳಿಸುತ್ತವೆ. ಶೇಂಗಾ ಹೊಲದಲ್ಲಿ ಬಗ್ಗಿದ ಹೆಂಗಸರು ಬಸ್ಸು ಹಾದುಹೋಗುವಷ್ಟು ಹೊತ್ತು ಎದ್ದು ನಿಲ್ಲುತ್ತಾರೆ, ಮತ್ತೆ ಬಗ್ಗುತ್ತಾರೆ. ನಾನು ಅವರ ನಡುವೆ ಎಲ್ಲೋ ನಡೆದು ಹೋಗುತ್ತಿರುತ್ತೇನೆ. "ಮೇಡಂ, ಶಿರಹಟ್ಟಿ ಬಂತ್ರಿ, ಇಳೀರಿ" ಎಂದು ಕಂಡಕ್ಟರ್ ಕೂಗಿದ ಮೇಲೆಯೇ ಕಾಲು ಚಪ್ಪಲಿ ಹುಡುಕುವುದು.

"ಇಕಿ ಕಣ್ಣ ತಗದ ನಿದ್ದಿ ಮಾಡ್ತಾಳ" ಎಂದು ನನ್ನ ಅತ್ತೆ ನಗುತ್ತಾಳೆ. ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ, ಅವ್ವ ಬೇಗ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಮನೆಯಲ್ಲಿ ನಾವಿಬ್ಬರು ಮತ್ತು ಅವಳ ಮಗ್ಗ. ನಾನು ಒಲೆಯ ಮೇಲೆ ಹಾಲಿಟ್ಟು ಮರೆತರೂ, ನೀರು ಬಿಟ್ಟ ದಿನ ತುಂಬಿಸುವುದನ್ನು ಮರೆತರೂ, ಯಾರದೋ ಮದುವೆಗೆ ಹೋಗುವುದನ್ನೇ ಮರೆತರೂ "ಅಕಿ ಹಂಗ, ಕನಸಿನಾಕಿ" ಎಂದು ಓಣಿಯೆಲ್ಲ ನನ್ನನ್ನು ಮಾಫ್ ಮಾಡುತ್ತಿತ್ತು. ಬೈಸಿಕೊಳ್ಳದೆ ಬದುಕುವ ಈ ಉಪಾಯ ನನಗೆ ಚೆನ್ನಾಗಿ ಒಗ್ಗಿತ್ತು. ಇದೊಂದು ಉಪಾಯ ಎಂದು ನನಗೇ ತಿಳಿದದ್ದು ಈಚೆಗೆ.

ನಮ್ಮದು ಬೆಟಗೇರಿಯ ನೇಕಾರರ ಓಣಿ. ಒಂದು ಕಾಲಕ್ಕೆ ಮನೆಗೊಂದು ಮಗ್ಗವಿತ್ತು, ಈಗ ಬೆರಳೆಣಿಕೆಯಷ್ಟು ಉಳಿದಿವೆ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ನೇಯುವುದು. ಬೀದಿಯ ಗೋಡೆಗೆ ಒತ್ತಿಯೇ ಕುಣಿ ಇದೆ, ಏಕೆಂದರೆ ಅಲ್ಲಿ ಕಿಟಕಿ ಇದೆ, ಬೆಳಕಿದೆ. ಅಜ್ಜ ತೋಡಿದ ಕುಣಿ. ಅತ್ತೆಯ ಕಾಲು ಎಲ್ಲಿ ಊರುತ್ತದೋ ಅಲ್ಲಿ ನೆಲ ಬಟ್ಟಲಿನಂತೆ ಸವೆದಿದೆ. ಮಗ್ಗದ ಸಪ್ಪಳ ಕೇಳುತ್ತ ಓದಿದವಳು ನಾನು, ಸದ್ದಿಲ್ಲದ ಕಡೆ ಇವತ್ತಿಗೂ ಒಂದು ಪುಟ ಓದಲಾರೆ.

ಹಾಸು, ಅಂದರೆ ಸೀರೆಯ ಉದ್ದುದ್ದದ ಎಳೆಗಳು, ಮಗ್ಗಕ್ಕೆ ಏರುವ ಮೊದಲು ಬೀದಿಗೆ ಬರಬೇಕು. ಓಣಿಯುದ್ದಕ್ಕೂ ಗಳ ನೆಟ್ಟು, ಎಳೆಗಳನ್ನು ಅವುಗಳ ಮೇಲೆ ಹರವಿ, ಗಂಜಿ ಸವರಿ, ಎಳೆಬಿಸಿಲಿಗೆ ಒಣಗಿಸಬೇಕು. ಆ ಹೊತ್ತು ಓಣಿ ನಮ್ಮದು. ಸೈಕಲ್ಲಿನವರು ಇಳಿದು ನಡೆಯುತ್ತಾರೆ, ಹಾಲಿನವರು ಆಚೆ ಓಣಿಯಿಂದ ಬರುತ್ತಾರೆ. ಇದಕ್ಕೊಂದು ಕಟ್ಟಳೆಯೂ ಇದೆ. ಹಾಸಿನ ಪಕ್ಕ ಹಾದುಹೋಗುವವರ ಕಣ್ಣಿಗೆ ಹರಿದ ಎಳೆಯೋ ಸಡಿಲಾದ ಎಳೆಯೋ ಬಿದ್ದರೆ, ಅದು ಯಾರ ಹಾಸೇ ಆಗಿರಲಿ, ನಿಂತು ಕಟ್ಟಿ ಬಿಗಿ ಮಾಡಿಯೇ ಮುಂದೆ ಹೋಗಬೇಕು. ಕೇಳುವಂತಿಲ್ಲ, ಹೇಳುವಂತಿಲ್ಲ. "ಸಡ್ಲ ಎಳಿ ಕಂಡು ದಾಟಿ ಹ್ವಾದಾಕಿ ಮನ್ಯಾಗ ಮಗ್ಗ ನಿಲ್ಲತೈತಿ" ಎನ್ನುತ್ತಾಳೆ ಅತ್ತೆ. ಜಗಳವಾಡಿ ಮಾತು ಬಿಟ್ಟವರೂ ಪರಸ್ಪರರ ಹಾಸಿನ ಎಳೆ ಕಟ್ಟಿ, ಮುಖ ತಿರುಗಿಸಿಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎದುರು ಮನೆ ಚಾಚಾನದು. ಬಡಿಗ. ಓಣಿಯ ಮಗ್ಗಗಳ ಲಾಳಿ, ಹಲಗೆ, ಮೆಟ್ಟುಗೋಲು ಎಲ್ಲ ಅವರ ಕೈಯವು. ಮಗ್ಗ ಕಡಿಮೆಯಾದ ಮೇಲೆ ಬಾಗಿಲು, ಮಂಚ, ದೇವರ ಮಾಡ ಮಾಡಿಕೊಂಡಿದ್ದಾರೆ. ಮನೆಯ ಮುಂದೆ ಹಂಚು ಹೊದಿಸಿದ ಉದ್ದನೆಯ ಕೋಣೆ, ಅದೇ ಅವರ ಕೆಲಸದ ಜಾಗ. ಅದರ ತೇಗದ ಚೌಕಟ್ಟು ಅವರ ತಂದೆ ಮಾಡಿದ್ದು. ನಾನು ಅಂಬೆಗಾಲಿಕ್ಕಿದ್ದು ಆ ಕೋಣೆಯ ಕಟ್ಟಿಗೆಯ ಹೊಟ್ಟಿನ ಮೇಲಂತೆ. ಚಾಚಿ ಹೇಳುತ್ತಿರುತ್ತಾರೆ, ನಾನು ಹೊಟ್ಟು ತಿಂದು ಕೆಮ್ಮಿದ್ದು, ಚಾಚಾ ಹೆದರಿ ಬಾಯಿಗೆ ಬೆರಳು ಹಾಕಿದ್ದು, ಅವರ ಬೆರಳನ್ನು ನಾನು ಕಚ್ಚಿದ್ದು. ಅವರಿಗೆ ಹೆಣ್ಣುಮಕ್ಕಳಿಲ್ಲ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ, ಯಾವಾಗಲೂ "ಬಾ ಬೇಟಿ, ಹೋಗ್ ಬೇಟಿ".

ಹೊಸ ಬಸ್ ದಾರಿಯ ಸುದ್ದಿ ಬಂದಾಗ ಓಣಿಯಲ್ಲಿ ಮೊದಲು ಕುಣಿದವಳು ನಾನೇ. ರೈಲು ನಿಲ್ದಾಣದ ಕಡೆಯಿಂದ ಬೆಟಗೇರಿಯವರೆಗೆ ರಸ್ತೆ ಅಗಲ ಮಾಡುತ್ತಾರೆ, ಬಸ್ಸಿಗೇ ಒಂದು ಪಟ್ಟಿ ಬಿಡುತ್ತಾರೆ, ಸ್ವಲ್ಪ ಸ್ವಲ್ಪ ದೂರಕ್ಕೆ ನಿಲ್ದಾಣ. ನಿಲ್ದಾಣದ ಸುತ್ತ ಕೆಳಗೆ ಅಂಗಡಿ, ಮೇಲೆ ಮನೆ, ಜನ ಬಸ್ಸಿನ ಹತ್ತಿರವೇ ಇರುವಂತೆ ಊರನ್ನು ಕಟ್ಟುವುದು. ಒಂದು ಸಭಾಭವನದ ಗೋಡೆಗೆ ನಕ್ಷೆ ಹಚ್ಚಿದ್ದರು. ಜನ ಮೂಗು ತಾಗಿಸಿಕೊಂಡು ತಮ್ಮ ತಮ್ಮ ಮನೆ ಹುಡುಕುತ್ತಿದ್ದರು. ಹೊಂಬಳದ ಬಸ್ಸಿಗೆ ಬಂದಿದ್ದ ಮುದುಕರೊಬ್ಬರು ನಕ್ಷೆಯಲ್ಲಿ ತಮ್ಮ ಊರೇ ಕಾಣುವುದಿಲ್ಲವೆಂದು ಸಿಟ್ಟಾಗಿ, "ನಮ್ಮನ್ನ ಬಿಟ್ಟು ಎಲ್ಲಿಗೆ ಹೊಂಟೈತ್ರಿ ಇದು ಬಸ್ಸು?" ಎಂದು ಕೇಳುತ್ತಿದ್ದರು. ನಾನು ನೋಡುತ್ತ ನಿಂತದ್ದು ನಕ್ಷೆಯ ಮರಗಳನ್ನು. ದಾರಿಯ ಎರಡೂ ಕಡೆ ಹಸಿರು ಚುಕ್ಕೆಗಳು. ಪುಟ್ಟ ಪುಟ್ಟ ಮನುಷ್ಯರು ನೆರಳಲ್ಲಿ ನಡೆಯುತ್ತಿದ್ದರು. ಒಬ್ಬಳು ಹೆಗಲಿಗೆ ಚೀಲ ಹಾಕಿಕೊಂಡು ಒಂಟಿಯಾಗಿ ನಿಂತಿದ್ದಳು, ಮುಖ ಬಿಡಿಸಿರಲಿಲ್ಲ. ಅದು ನಾನೇ ಎಂದುಕೊಂಡೆ. ಗದಗಿನ ನಿಲ್ದಾಣಕ್ಕೆ ಆಟೋದಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಹೋಗುವ ಕಷ್ಟ ತಪ್ಪಿ, ಓಣಿಯ ಬಾಯಲ್ಲೇ ಬಸ್ಸು ಹತ್ತಿ ಸೀದಾ ಕನಸಿಗೆ ಕೂರುವ ದಿನ ಎಣಿಸತೊಡಗಿದೆ.

ನಕ್ಷೆಯಲ್ಲಿ ಇನ್ನೊಂದು ಗೆರೆಯಿತ್ತು. ಹಿಂದಿನ ವಾರ್ಡಿನವರು ನಿಲ್ದಾಣಕ್ಕೆ ನಡೆದು ಬರಲು ಒಂದು ಅಗಲವಾದ ಕಾಲುದಾರಿ. ಅದಕ್ಕೆ ನಮ್ಮ ಓಣಿಯನ್ನೇ ಆರಿಸಿದ್ದರು. ಓಣಿಯ ನಡುಮಧ್ಯ ಒಂದು ಗೆರೆ ಹಿಡಿದು, ಅಲ್ಲಿಂದ ಎರಡೂ ಕಡೆ ಸಮನಾಗಿ ಅಳೆದು, ಅಳತೆಯೊಳಗೆ ಬಂದ ಗೋಡೆಗಳಿಗೆ ಕೆಂಪು ಬಣ್ಣ ಹಚ್ಚುತ್ತಾರೆ ಎಂದರು. ಯಾರದು ಹೋಗುತ್ತದೆ, ಯಾರದು ಉಳಿಯುತ್ತದೆ ಎಂಬುದು ಆ ನಡುಗೆರೆಯ ಮೇಲೆ. ಅತ್ತೆ ಅಂದಿನಿಂದ ಮಗ್ಗದ ಮೇಲೆ ಕೂತಾಗಲೆಲ್ಲ ಗೋಡೆಯನ್ನು ಕೈಯಲ್ಲಿ ಒಮ್ಮೆ ಮುಟ್ಟಿ ನೋಡುತ್ತಿದ್ದಳು.

ಒಂದು ಶನಿವಾರ ಸಂಜೆ ಅಳೆಯುವವರು ಬಂದರು. ಮೂರು ಕಾಲಿನ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಕೈಬೀಸಿ, ಓಣಿಯುದ್ದಕ್ಕೂ ಅಲ್ಲಲ್ಲಿ ಗೂಟ ಹೊಡೆದರು. ಗೂಟದಿಂದ ಗೂಟಕ್ಕೆ ಹಳದಿ ನೈಲಾನ್ ದಾರ ಕಟ್ಟಿದರು. ಹೊತ್ತು ಮುಳುಗಿತು, ಬಣ್ಣ ನಾಳೆ ಎಂದು ಹೊರಟರು. ಭಾನುವಾರ ಓಡಾಟ ಕಡಿಮೆ ಇರುತ್ತದಲ್ಲ, ಅದಕ್ಕೆ.

ಮರುದಿನ ನಸುಕಿನಲ್ಲಿ ನಾನು ಚಹಾ ಹಿಡಿದು ಕಿಟಕಿಯಲ್ಲಿ ಕೂತಿದ್ದೆ. ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಆ ಹಳದಿ ದಾರ ನೆಲದಿಂದ ಗೇಣು ಮೇಲೆ ತಾನೇ ತೇಲುತ್ತಿರುವಂತೆ ಕಂಡು, ನಾನು ಅದರ ಗುಂಟ ಓಣಿಯ ಬಾಯಿಯವರೆಗೆ, ಅಲ್ಲಿಂದ ಇನ್ನೂ ಬರದ ಬಸ್ಸಿನವರೆಗೆ, ಬಸ್ಸಿನಿಂದ ಯಾವುದೋ ಊರಿನವರೆಗೆ ಹೋಗಿಬಿಟ್ಟಿದ್ದೆ. ಅತ್ತೆ ಅಂಗಳ ಗುಡಿಸಲು ಹೊರಗೆ ಬಂದಳು. ಇರುಳು ದನ ತುಳಿದಿತ್ತೋ ಏನೋ, ನಮ್ಮ ಮನೆಯ ಎದುರು ದಾರ ಜೋತುಬಿದ್ದಿತ್ತು. ಅವಳು ನಿಂತಳು. ಕಸಬರಿಗೆಯನ್ನು ಕಂಕುಳಿಗೆ ಇರುಕಿಕೊಂಡು ದಾರವನ್ನು ಎರಡು ಬೆರಳಲ್ಲಿ ಮೀಟಿ ನೋಡಿದಳು. ಬಿಗಿ ಇಲ್ಲ. ಎಳೆದಳು. ಗೂಟ ಕಿತ್ತು ಕೈಗೆ ಬಂತು.

"ಯಾರರ ಎಳಿ ಹಿಂಗ ಬಿಡ್ತಾರೇನ? ಕಲ್ತವರಂತ" ಎಂದು ತನ್ನಷ್ಟಕ್ಕೆ ಗೊಣಗಿದಳು. ನಾಲ್ಕು ಹೆಜ್ಜೆ ಆಚೀಚೆ ನೋಡಿ, ನಮ್ಮ ಹಾಸಿನ ಗಳ ನೆಡುವ ಹಳೆಯ ಕುಳಿ ಇತ್ತಲ್ಲ, ಚಾಚಾನ ಮನೆಯ ಕಡೆಗೆ ಸರಿದಂತೆ, ಅದರಲ್ಲಿ ಗೂಟವನ್ನು ಊರಿ ಕಲ್ಲಿನಿಂದ ಹೊಡೆದಳು. ಎಳೆಗೆ ಕಟ್ಟುವ ಗಂಟನ್ನೇ ಕಟ್ಟಿದಳು. ದಾರ ಮೀಟಿದಳು. ಈ ಸಲ ಅದು ಸರಿಯಾಗಿ ನುಡಿಯಿತು. ತೃಪ್ತಿಯಾಗಿ ಅಂಗಳ ಗುಡಿಸಿ ಒಳಗೆ ಬಂದಳು. ನಾನು ಇದೆಲ್ಲವನ್ನೂ ನೋಡಿದೆ. ನೋಡಿ, ಅವಳ ಬೆರಳು ಎಷ್ಟು ಚಂದ ಓಡುತ್ತವೆ ಎಂದಷ್ಟೇ ಅಂದುಕೊಂಡೆ.

ಬಿಸಿಲೇರಿದಾಗ ಬಣ್ಣದವರು ಬಂದರು. ಅವರು ಯಂತ್ರ ತಂದಿರಲಿಲ್ಲ, ದಾರ ಹಿಡಿದು ಟೇಪಿನಲ್ಲಿ ಅಳೆದರು. ನಮ್ಮ ಗೋಡೆಯ ಮುಂದೆ ಟೇಪು ಬಂದು, ಗೋಡೆಗೆ ನಾಲ್ಕು ಬೆರಳು ಉಳಿದಂತೆ ನಿಂತಿತು. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಚೆ ಕಡೆ ಟೇಪು ಚಾಚಾನ ಕೋಣೆಯ ಗೋಡೆಗೆ ಮುಟ್ಟಿತು, ನಿಲ್ಲಲಿಲ್ಲ, ಬಾಗಿಲೊಳಗೆ ಹೋಯಿತು. ಒಂದು ಮೊಳ. ಬಣ್ಣದವನು ತೇಗದ ಚೌಕಟ್ಟಿನ ಪಕ್ಕ ಕೆಂಪು ಅಡ್ಡಗೆರೆ ಎಳೆದ. ಚಾಚಾ ಕೈ ಹಿಂದೆ ಕಟ್ಟಿಕೊಂಡು ಆ ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಬಡಿಗನ ಕಣ್ಣಿನಿಂದ ನೋಡುತ್ತ ನಿಂತಿದ್ದರು.

ಆಗ ನನಗೆ ಎಚ್ಚರವಾಯಿತು. ಗೂಟ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಸರಿಯಿತು ಎಂಬುದೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಒಂದು ಮೊಳಕ್ಕೂ ತುಸು ಹೆಚ್ಚೇ. ಆ ಗೂಟ ತನ್ನ ಜಾಗದಲ್ಲೇ ಇದ್ದಿದ್ದರೆ ಕೆಂಪು ಗೆರೆ ನಮ್ಮ ಗೋಡೆ ದಾಟಿ ಕುಣಿಯ ಮೇಲೆ ಬರುತ್ತಿತ್ತು, ಚಾಚಾನ ಕೋಣೆಗೆ ಸೋಂಕುತ್ತಲೂ ಇರಲಿಲ್ಲ. ಬಾಯಿ ತೆರೆದೆ. ಅತ್ತೆ ಆ ಹೊತ್ತಿಗೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿದೆ.

ಅಂದಿನಿಂದ ನನ್ನ ಕನಸಿನ ಬಾಳು ನನಗೆ ತುಂಬ ಉಪಯೋಗಕ್ಕೆ ಬಂತು. ಬಸ್ಸಿನಲ್ಲಿ ಗಾಳಿಯಂತ್ರ ನೋಡುತ್ತ, ನಾನು ನಿಜಕ್ಕೂ ನೋಡಿದೆನೋ, ಅದು ನಸುಕಿನ ಮಂಪರೋ ಎಂದು ನನ್ನನ್ನೇ ಕೇಳಿಕೊಂಡೆ. ಇರಬಹುದು, ಮಂಪರೇ ಇರಬಹುದು. ಗೂಟ ಮೊದಲೇ ಅಲ್ಲಿತ್ತೇನೋ. ಅಷ್ಟು ದೊಡ್ಡ ಕೆಲಸ ಮಾಡುವವರು ಒಂದು ದಾರವನ್ನು ನಂಬುತ್ತಾರೆಯೇ, ಹಿಂದೆ ಎಲ್ಲೋ ಕಂಪ್ಯೂಟರಿನಲ್ಲಿ ಲೆಕ್ಕವಿರುತ್ತದೆ, ಅದು ತಾನೇ ಸರಿಯಾಗುತ್ತದೆ. ನಾನು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪಾಠ ಮಾಡುವವಳು. ಸುಳ್ಳು ಹೇಳಿಯೂ ಇರಲಿಲ್ಲ. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹೀಗೆ ದಿನಕ್ಕೊಂದು ನೆಪ ಹೊಸೆಯುತ್ತ ಹೋದೆ. ಸಂಜೆ ಮರಳಿದಾಗ ಮಾತ್ರ, ಆಟೋ ಇಳಿದು, ತಲೆ ತಗ್ಗಿಸಿ, ಚಾಚಾನ ಬಾಗಿಲು ದಾಟುತ್ತಿದ್ದೆ.

ಆಕ್ಷೇಪಣೆ ಇದ್ದವರು ಇಂಥ ದಿನದೊಳಗೆ ಬರೆದು ಕೊಡಬೇಕು ಎಂದು ನೋಟಿಸು ಹಚ್ಚಿದ್ದರು. ಚಾಚಾ ಬರೆಯಲಿಲ್ಲ. "ಎಲ್ಲಾರಿಗೂ ದಾರಿ ಬೇಕಲ್ಲ ಬೇಟಿ. ನಿಮ್ಮ ಚಾಚಿ ಮೊಣಕಾಲ ಹಿಡದ ಅಳ್ತಾಳ, ನಾಳಿ ಇಲ್ಲೇ ಬಸ್ ಹತ್ತತಾಳ" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಜೆಸಿಬಿ ಕೈಯಾಗ ಕೊಡಂಗಿಲ್ಲ. ಅದು ಬಂತಂದ್ರ ಕಟಗಿ ಎಲ್ಲಾ ಚೂರ್ ಚೂರ್. ನಮ್ಮಪ್ಪ ಮಾಡಿದ್ದನ್ನ ನಾನ ಬಿಚ್ಚತೇನಿ, ಒಂದ್ ಮೊಳಿ ಸೈತ ಬಾಗಬಾರದು" ಎಂದರು.

ಮುಂದಿನ ಭಾನುವಾರ ಅವರು ಕೋಣೆ ಬಿಚ್ಚಿದರು. ನಮ್ಮ ಕಡೆ ಹಂಚು ಇಳಿಸುವುದೆಂದರೆ ಓಣಿಯವರೆಲ್ಲ ಸಾಲಾಗಿ ನಿಲ್ಲುವುದು. ಮಾಡಿನ ಮೇಲೆ ಕೂತವರು ಒಂದೊಂದೇ ಹಂಚು ಎತ್ತಿ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟುತ್ತ ಓಣಿಯ ಕೊನೆಯ ರಾಶಿಗೆ ಸೇರುತ್ತದೆ. ಅತ್ತೆ ನಿಂತಳು, ನಾನೂ ನಿಂತೆ. ಹಂಚಿನಲ್ಲಿ ಹಳೆಯ ಜೇಡರಬಲೆ, ಧೂಳು, ಬಿಸಿಲಿನ ಕಾವು. ಬಲಗಡೆಯಿಂದ ಬಂದದ್ದನ್ನು ಎಡಗಡೆಗೆ ಕೊಟ್ಟೆ. ಮತ್ತೆ ಬಂತು, ಮತ್ತೆ ಕೊಟ್ಟೆ. ಒಂದೊಂದು ಹಂಚಿಗೂ ಈಗ ಹೇಳುತ್ತೇನೆ, ಇದೊಂದು ದಾಟಲಿ ಎಂದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮಾಡಿನಲ್ಲಿ ಹಂಚು ಉಳಿದಿರಲಿಲ್ಲ. ಚಾಚಾ ಚೌಕಟ್ಟಿನ ಬೆಣೆಗಳನ್ನು ಒಂದೊಂದಾಗಿ ತಟ್ಟಿ ಬಿಡಿಸಿದರು. ಗೋಡೆ ಇಳಿಸಲು ಸಂಜೆಯಾಯಿತು. ಚಾಚಿ ಎಲ್ಲರಿಗೂ ಚಹಾ ಕೊಟ್ಟರು, ನನಗೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟರು. ಕುಡಿದೆ.

ಬುಧವಾರ ಸಂಜೆ ಅತ್ತೆ ದೇವರಿಗೆ ದೀಪ ಹಚ್ಚಿ, ಒಂದು ತಟ್ಟೆಯಲ್ಲಿ ಹೋಳಿಗೆ ಇಟ್ಟುಕೊಂಡು ಬಂದಳು. "ಚಾಚಾನ ಮನಿಗೆ ಕೊಟ್ಟ ಬರ್ತೇನಿ. ಪಾಪ, ಅವರದು ಹೋತು. ನಮ್ಮ ಗ್ವಾಡಿ ದೇವರು ಉಳಿಸಿದ" ಎಂದಳು.

"ದೇವರಲ್ಲ ಅತ್ತಿ, ನೀನ" ಎಂದುಬಿಟ್ಟೆ. ಯಾಕೆ ಆಗಲೇ ಬಾಯಿಂದ ಬಂತೋ ಗೊತ್ತಿಲ್ಲ. ದೇವರ ಮೇಲೆ ಹೊರಿಸಿದ್ದು ತಡೆಯಲಾಗಲಿಲ್ಲವೇನೋ. ಎಲ್ಲ ಹೇಳಿದೆ. ಸಡಿಲು ದಾರ, ಕಿತ್ತ ಗೂಟ, ಹಳೆಯ ಕುಳಿ. ಅತ್ತೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಗೂಟದ ಮಾತು ಅವಳಿಗೆ ನೆನಪೇ ಇರಲಿಲ್ಲ. ಸಡಿಲು ಎಳೆ ಬಿಗಿ ಮಾಡಿದ್ದನ್ನು ಯಾರು ನೆನಪಿಡುತ್ತಾರೆ?

"ನೀ ಯಾವಾಗ ನೋಡಿದಿ?"

"ಅವತ್ತ. ಕಿಡಕ್ಯಾಗ ಕುಂತಿದ್ದೆ."

"ಎಷ್ಟ್ ದಿನ ಆತು?"

"ಹನ್ನೊಂದು."

ಅವಳು ಬೈಯಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದಳು. ಯಾರ ಮನೆಯ ಮಗಳೋ ದಾರಿ ತಪ್ಪಿ ಒಳಗೆ ಬಂದವಳನ್ನು ನೋಡುವಂತೆ. ಆಮೇಲೆ ಎದ್ದು ಮಗ್ಗದ ಕೋಣೆಗೆ ಹೋದಳು. ಆ ಸಂಜೆ ಲಾಳಿಯ ಸಪ್ಪಳ ಕೇಳಲಿಲ್ಲ, ಅವಳು ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದಳು.

ಮರುದಿನ ಶಾಲೆಗೆ ರಜೆ ಹಾಕಿ ಅವಳ ಜೊತೆ ಕಚೇರಿಗೆ ಹೋದೆ. ಆಕ್ಷೇಪಣೆಯ ಸಾಲಿನಲ್ಲಿ ನಿಂತವರೆಲ್ಲ ತಮ್ಮ ಗೋಡೆ ಉಳಿಸಿ ಎಂದು ಬಂದವರು. ಅತ್ತೆಯ ಸರದಿ ಬಂದಾಗ ಅವಳು ಸೆರಗು ಹೊದ್ದು, "ನಮ್ಮ ಗ್ವಾಡಿ ಉಳದೈತ್ರಿ, ಅದು ತಪ್ಪೈತ್ರಿ" ಎಂದಳು. ಎದುರಿಗೆ ಕೂತಿದ್ದ ಚಿಕ್ಕ ವಯಸ್ಸಿನ ಇಂಜಿನಿಯರ್ ಹುಡುಗಿಗೆ ಅರ್ಥವಾಗಲಿಲ್ಲ, ಎರಡು ಸಲ ಹೇಳಿಸಿದಳು. "ಗೂಟ ನಾನ ಕಿತ್ತೇನ್ರಿ. ಎಳಿ ಸಡ್ಲ ಆಗಿತ್ತು, ಬಿಗಿ ಮಾಡಿದೆ" ಎಂದು ಅತ್ತೆ ಬೆರಳಿನಿಂದ ಗಾಳಿಯಲ್ಲಿ ಗಂಟು ಕಟ್ಟಿ ತೋರಿಸಿದಳು. ಸಾಲಿನಲ್ಲಿದ್ದವರು ನಕ್ಕರು. ಆ ಹುಡುಗಿ ನಗಲಿಲ್ಲ. ಅಂದೇ ಯಂತ್ರ ಹಿಡಿದು ಬಂದಳು. ಅತ್ತೆ ತೋರಿಸಿದ ಜಾಗದಲ್ಲಿ ಮಣ್ಣು ಕೆದರಿದರೆ, ಗೂಟದ ಹಳೆಯ ತೂತು ಇನ್ನೂ ಮುಚ್ಚಿರಲಿಲ್ಲ.

ಕೆಂಪು ಗೆರೆ ನಮ್ಮ ಗೋಡೆಗೆ ಬಂತು. ಚಾಚಾನ ಕಡೆ ಬರೀ ತಳಪಾಯ ಉಳಿದಿತ್ತು, ಅದರ ಮೇಲೆ ಕೋಳಿ ಓಡಾಡುತ್ತಿದ್ದವು. ಟೇಪು ಅದನ್ನು ಮುಟ್ಟದೆ ಹೊರಗೇ ನಿಂತಿತು. "ನಿಮ್ಮದು ಒಡೆಯೋ ಅವಶ್ಯಕತೆ ಇರಲಿಲ್ಲ" ಎಂದು ಇಂಜಿನಿಯರ್ ಹೇಳಿದಾಗ ಚಾಚಾ ಗೋಡೆಗೆ ಒರಗಿಸಿಟ್ಟಿದ್ದ ಚೌಕಟ್ಟಿನ ಮೇಲಿನ ಧೂಳು ಒರೆಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಹೌದು ಅಕ್ಕಾ, ಈಗ ಮಗ್ಗ ಎಲ್ಲಿ ಇಡ್ತೀರಿ?" ಎಂದರು.

ಮಗ್ಗ ಅವರಲ್ಲಿಗೇ ಹೋಯಿತು. ಹೇಗೂ ಹೊಸದಾಗಿ ಕಟ್ಟಬೇಕಲ್ಲ, ಎರಡು ಮೊಳ ಉದ್ದ ಕಟ್ಟುತ್ತೇನೆ ಎಂದು ಚಾಚಾ ಹಟ ಹಿಡಿದರು. ಹಿತ್ತಲ ಕಡೆಗೆ ಕೋಣೆ ಬೆಳೆಯಿತು. ಅಲ್ಲಿ ಹೊಸ ಕುಣಿ ತೋಡಿಸಿ, ಅದರ ಮೇಲೆ ದೊಡ್ಡ ಕಿಟಕಿ ಇಟ್ಟರು. ನಮ್ಮ ಹಳೆಯ ಕುಣಿಗೆ ಮಣ್ಣು ತುಂಬಿಸಿದ ದಿನ ಅತ್ತೆ ಅಲ್ಲಿ ನಿಲ್ಲಲಿಲ್ಲ, ಮುಂಡರಗಿಯ ನೆಂಟರ ಮನೆಗೆ ಹೋಗಿ ಎರಡು ದಿನ ಬಿಟ್ಟು ಬಂದಳು. ಈಗ ಬೆಳಿಗ್ಗೆ ಎದ್ದು, ಕೆಲಸಕ್ಕೆ ಹೋಗುವವರಂತೆ ಸೀರೆ ಸರಿಮಾಡಿಕೊಂಡು, ಅಗಲವಾದ ಕಾಲುದಾರಿ ದಾಟಿ ನೇಯಲು ಹೋಗುತ್ತಾಳೆ. ಅಲ್ಲಿ ಮಗ್ಗದ ಸಪ್ಪಳ, ಗರಗಸದ ಸಪ್ಪಳ ಒಟ್ಟಿಗೆ. ನನ್ನ ಜೊತೆ ಮಾತು ಬಿಟ್ಟಿಲ್ಲ, ಊಟಕ್ಕೆ ಬಡಿಸುತ್ತಾಳೆ, ಬಸ್ಸಿಗೆ ಹೊತ್ತಾಯಿತು ಎಂದು ಎಚ್ಚರಿಸುತ್ತಾಳೆ. ಕಣ್ಣು ತೆರೆದು ನಿದ್ದೆ ಮಾಡುತ್ತಾಳೆ ಎಂಬ ಮಾತನ್ನು ಮಾತ್ರ ಮತ್ತೆ ಆಡಿಲ್ಲ.

ಬಸ್ಸೂ ಬಂತು. ಖರೆ ಹೇಳಬೇಕೆಂದರೆ ಚೆನ್ನಾಗಿಯೇ ಇದೆ. ಓಣಿಯ ಬಾಯಲ್ಲೇ ನಿಲ್ದಾಣ, ಮೇಲೆ ನೆರಳು, ಕೂರಲು ಕಲ್ಲು. ಬಸ್ಸಿನ ಮೆಟ್ಟಿಲು ಎಷ್ಟು ತಗ್ಗೆಂದರೆ ಚಾಚಿ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ, ಹತ್ತಿ ಗೆದ್ದವರಂತೆ ತಿರುಗಿ ನೋಡುತ್ತಾರೆ. ನಿಲ್ದಾಣದ ಹಿಂದೆ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಔಷಧದ ಅಂಗಡಿ, ಮೇಲೆ ಲಕ್ಷ್ಮೇಶ್ವರದಿಂದ ಬಂದ ಸಂಸಾರಗಳು. ನಕ್ಷೆಯ ಹಸಿರು ಚುಕ್ಕೆಗಳು ಇನ್ನೂ ಸಣ್ಣ ಗಿಡಗಳು, ಕಬ್ಬಿಣದ ಬೇಲಿಯೊಳಗೆ ನಿಂತಿವೆ. ಸಂಜೆ ಇಳಿದಾಗ ಹಿಂದಿನ ವಾರ್ಡಿನವರು ಮಕ್ಕಳ ಕೈ ಹಿಡಿದು ನಮ್ಮ ಓಣಿಯಲ್ಲಿ ಹಾದುಹೋಗುವುದನ್ನು ನೋಡಿದರೆ, ಎಲ್ಲರೂ ಒಂದೇ ನಿಧಾನದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಹಾಸು ಹರವುವ ನಸುಕಿನಲ್ಲಿ ಅವರೂ ಬದಿಗೆ ಸರಿದು ನಡೆಯಲು ಕಲಿತಿದ್ದಾರೆ.

ನನಗೆ ಕಷ್ಟವಾದದ್ದು ಚಾಚಾನ ಹೊಗಳಿಕೆ. ಕಚೇರಿಯಲ್ಲಿ ಅತ್ತೆ ತನ್ನ ತಪ್ಪನ್ನಷ್ಟೇ ಹೇಳಿದ್ದಳು. ಇದು ನಿನಗೆ ಹೇಗೆ ತಿಳಿಯಿತು ಎಂದು ಓಣಿಯವರು ಕೇಳಿದ್ದಕ್ಕೆ, "ನಮ್ಮ ಹುಡುಗಿ ನೋಡಿದ್ಲು, ಹೇಳಿದ್ಲು" ಎಂದು ಮುಗಿಸಿದ್ದಳು. ಯಾವಾಗ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಷ್ಟು ಸಾಕಾಯಿತು ಚಾಚಾನಿಗೆ. ನಿಲ್ದಾಣದಲ್ಲಿ ನಿಂತವರ ಎದುರು, ಬಾಗಿಲು ಮಾಡಿಸಲು ಬಂದವರ ಎದುರು, "ಈ ಹುಡುಗಿ ನೋಡ್ರಿ. ತನ್ನ ಮನಿ ಗ್ವಾಡಿ ಹ್ವಾದ್ರೂ ಖರೇ ಹೇಳಿದಾಕಿ. ಇಂಥಾ ಬೇಟಿ ನಮ್ಮ ಓಣ್ಯಾಗ ಅದಾಳ" ಎನ್ನುವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಒಳ್ಳೆಯವಳು ಎಂದಾಗಲೂ ಹೆಗಲು ಮುಟ್ಟಿಕೊಳ್ಳುವ ಹಾಗಾಗಿತ್ತು. ಆದರೂ ಒಂದು ಮಳೆಗಾಲ, ಒಂದು ಚಳಿಗಾಲ ಆ ಹೊಗಳಿಕೆ ತಿಂದುಕೊಂಡೇ ಬಸ್ಸು ಹತ್ತಿದೆ. ನಾಚಿಕೆಯಾಗುತ್ತಿತ್ತು, ಸಿಹಿಯೂ ಆಗುತ್ತಿತ್ತು, ಎರಡೂ ನಿಜ.

ಮೊನ್ನೆ ಬೆಳಿಗ್ಗೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಾಚಾ ಹೊಸ ಕೋಣೆಯ ಬಾಗಿಲಲ್ಲಿ ಕೂತು ಒಂದು ಹಲಗೆಯನ್ನು ನುಣುಪು ಮಾಡುತ್ತಿದ್ದರು. ಹಿಂದೆ ಅತ್ತೆಯ ಲಾಳಿ ಓಡುತ್ತಿತ್ತು. ನಾನು ಎದುರಿಗೆ ಹೋಗಿ ನಿಂತೆ.

"ಚಾಚಾ, ಒಂದ್ ಮಾತ್ ಹೇಳೂದೈತಿ."

"ಹೇಳ್ ಬೇಟಿ" ಎಂದರು, ಕೈ ನಿಲ್ಲಿಸದೆ.

"ಅತ್ತಿ ಗೂಟ ಸರಿಸಿದ್ದು ನಾ ಅವತ್ತ ನೋಡಿದ್ದೆ. ಬಣ್ಣ ಹಚ್ಚೂವಾಗನ ನನಗ ತಿಳದಿತ್ತು. ಆದ್ರ ಹೇಳಿದ್ದು ಹನ್ನೊಂದು ದಿನ ಆದ ಮ್ಯಾಲೆ."

ಕೈ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಹಲಗೆಯನ್ನು ನೋಡುತ್ತಿದ್ದರು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿದ್ದವು. ದಿನ ಎಣಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಾವು ಹಂಚ ಇಳಿಸಿದ್ದು ಎಂಟನೇ ದಿನ" ಎಂ‌ದರು.

"ಹೂಂ."

"ಸಾಲಿನ್ಯಾಗ ನೀನೂ ನಿಂತಿದ್ದಿ."

"ನಿಂತಿದ್ದೆ ಚಾಚಾ."

ಒಳಗೆ ಲಾಳಿಯ ಸದ್ದು ನಿಂತಿತ್ತು. ಅವರು ಕೂಗಾಡಲಿ, ಕೈಯಲ್ಲಿದ್ದ ಹಲಗೆ ಎಸೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ತೊಡೆಯ ಮೇಲಿನ ಹೊಟ್ಟು ಕೊಡವಿ, ಎದ್ದು ನಿಂತು, ದೊಡ್ಡವರ ಎದುರು ನಿಲ್ಲುವಂತೆ ಕೈ ಮುಂದೆ ಕಟ್ಟಿಕೊಂಡರು.

"ಬಸ್ ಬರೂ ಹೊತ್ತಾತ್ರಿ, ಟೀಚರ್" ಎಂದರು. "ಹೋಗಿ ಬರ್ರಿ."

ಅಂದಿನಿಂದ ದಿನಾ ಬೆಳಿಗ್ಗೆ ನನ್ನನ್ನು ಹಾಗೆಯೇ ಮಾತಾಡಿಸುತ್ತಾರೆ, ತುಂಬ ಮರ್ಯಾದೆಯಿಂದ.